ಕ್ಯಾಮ್ ಟೈಮಿಂಗ್: ಮೊದಲು ಅಳತೆ, ಆಮೇಲೆ ತಿರುಗಿಸುವ ಮಾತು

ಕ್ಯಾಮ್ ಟೈಮಿಂಗ್ ಎಂದರೆ ಪಿಸ್ಟನ್ ಎಲ್ಲಿರುವಾಗ ಕ್ಯಾಮ್‌ಶಾಫ್ಟ್ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ ಎಂಬ ಹೊಂದಾಣಿಕೆ. ಹೆಡ್ ಫೇಸಿಂಗ್ (ಹೆಡ್‌ನ ಅಡಿಯನ್ನು ಉಜ್ಜಿ ಸಮ ಮಾಡುವುದು) ಮಾಡಿಸಿದ, ಬೆಲ್ಟ್‌ನಿಂದ ಕ್ಯಾಮ್ ತಿರುಗುವ ಎಂಜಿನ್‌ನಲ್ಲಿ ಅದು ತನ್ನಷ್ಟಕ್ಕೇ ಹಿಂದೆ ಬೀಳುತ್ತದೆ. ಹೆಡ್‌ನಿಂದ 0.5 ಮಿ.ಮೀ. ತೆಗೆದರೆ ಕ್ಯಾಮ್‌ಶಾಫ್ಟ್ ಅಷ್ಟೇ ಕೆಳಗಿಳಿದು ಕ್ರ್ಯಾಂಕ್‌ಗೆ ಹತ್ತಿರವಾಗುತ್ತದೆ. ಬೆಲ್ಟ್‌ನ ಎಳೆಯುವ ಬದಿಯಲ್ಲಿ ಅಷ್ಟು ಸಡಿಲ ಉಳಿಯುತ್ತದೆ. ಕ್ರ್ಯಾಂಕ್ ಮೊದಲು ಆ ಸಡಿಲವನ್ನು ಎಳೆದುಕೊಂಡು ಆಮೇಲೆ ಕ್ಯಾಮ್ ಅನ್ನು ತಿರುಗಿಸುತ್ತದೆ. ಕ್ಯಾಮ್ ಪುಲ್ಲಿಯ ತ್ರಿಜ್ಯ 50 ಮಿ.ಮೀ. ಎಂದಿಟ್ಟುಕೊಂಡರೆ ಕ್ಯಾಮ್‌ನಲ್ಲಿ 0.57 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 1.15 ಡಿಗ್ರಿ ರಿಟಾರ್ಡ್, ಅಂದರೆ ತಡ, ಆಯಿತು. ಎರಡು ಮೂರು ಸಲ ಫೇಸಿಂಗ್ ಕಂಡ ಹೆಡ್, ಅದಕ್ಕೆ ಸೇರಿದಂತೆ ಹಳೆಯ ಬೆಲ್ಟ್ ಇದ್ದರೆ ಮೂರು ನಾಲ್ಕು ಡಿಗ್ರಿ ಹೋಗಿರುವುದು ಆಶ್ಚರ್ಯವಲ್ಲ. ವರ್ನಿಯರ್ ಪುಲ್ಲಿ (ಕ್ಯಾಮ್‌ನ ಕೋನ ಹೊಂದಿಸಬಲ್ಲ ಪುಲ್ಲಿ) ಹಾಕಿ ನಾಲ್ಕು ಡಿಗ್ರಿ ಮುಂದಕ್ಕೆ ತಂದೆ, ಪಿಕ್‌ಅಪ್ ಬಂತು ಎನ್ನುವವರಲ್ಲಿ ಬಹಳ ಮಂದಿ ಕಳೆದುಕೊಂಡದ್ದನ್ನು ವಾಪಸ್ ಪಡೆದಿರುತ್ತಾರೆ, ಅಷ್ಟೇ. ಈಗ ಕ್ಯಾಮ್ ಎಲ್ಲಿದೆ ಎಂದು ಗೊತ್ತಿಲ್ಲದೆ ಅದನ್ನು ಎಷ್ಟು ತಿರುಗಿಸಬೇಕೆಂದು ಹೇಳಲು ಬರುವುದಿಲ್ಲ. ಹಾಗಾಗಿ ಈ ಲೇಖನದ ಮುಕ್ಕಾಲು ಪಾಲು ಅಳತೆಯದ್ದೇ.

ಉದಾಹರಣೆಗೆ ಮಾರುತಿ ಎಸ್ಟೀಮ್ ಮತ್ತು 1.3 ಲೀಟರ್ ಜಿಪ್ಸಿಯ 1298 ಸಿಸಿ ಎಂಜಿನ್ ಇಟ್ಟುಕೊಳ್ಳೋಣ. ಬೋರ್ 74, ಸ್ಟ್ರೋಕ್ 75.5 ಮಿ.ಮೀ., ಹೆಡ್ ಮೇಲೆ ಒಂದೇ ಕ್ಯಾಮ್, ಹಲ್ಲಿನ ಬೆಲ್ಟ್. ನಮ್ಮ ರ‍್ಯಾಲಿ ವಲಯದಲ್ಲಿ ಬಹಳ ಕಾಲ ಓಡಿದ ಎಂಜಿನ್ ಇದು. ಕ್ರಮ ಮಾತ್ರ ಯಾವ ಓವರ್‌ಹೆಡ್ ಕ್ಯಾಮ್ ಎಂಜಿನ್‌ಗೂ ಒಂದೇ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ತಾನೇ ಓಡುವಾಗ ಕ್ಯಾಮ್ ತಿರುಗಿಸುವ ವಿವಿಟಿ ಎಂಜಿನ್‌ಗಳನ್ನು ಇಲ್ಲಿಗೆ ತರಬೇಡಿ. ಅಲ್ಲಿ ಪುಲ್ಲಿ ಸರಿಸಿದರೆ ಸಿಗುವುದು ಚೆಕ್ ಎಂಜಿನ್ ದೀಪ ಮತ್ತು ಕ್ರ್ಯಾಂಕ್-ಕ್ಯಾಮ್ ಹೊಂದುತ್ತಿಲ್ಲ ಎನ್ನುವ ಪಿ0016 ಕೋಡ್.

ಏನು ಬದಲಾಗುತ್ತದೆ

ಕ್ಯಾಮ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಪುಲ್ಲಿಯ ಮೇಲೆ ಒಂದು ಡಿಗ್ರಿ ಎಂದರೆ ಕ್ರ್ಯಾಂಕ್‌ನಲ್ಲಿ ಎರಡು. ಕ್ಯಾಮ್ ಕಾರ್ಡ್‌ನಲ್ಲಿ (ಕ್ಯಾಮ್ ಜೊತೆ ತಯಾರಕರು ಕೊಡುವ ಅಳತೆಯ ಚೀಟಿ) ಬರೆದಿರುವುದು ಸಾಮಾನ್ಯವಾಗಿ ಕ್ರ್ಯಾಂಕ್ ಡಿಗ್ರಿ, ವರ್ನಿಯರ್ ಪುಲ್ಲಿಯ ಮೇಲೆ ಕೊರೆದ ಗೆರೆ ಕೆಲವು ತಯಾರಕರದ್ದು ಕ್ಯಾಮ್ ಡಿಗ್ರಿ, ಕೆಲವರದ್ದು ಕ್ರ್ಯಾಂಕ್ ಡಿಗ್ರಿ. ಈ ಗೊಂದಲದಲ್ಲೇ ನಾಲ್ಕು ಡಿಗ್ರಿ ಸರಿಸಲು ಹೋಗಿ ಎಂಟು ಸರಿಸುವವರಿದ್ದಾರೆ. ಇಲ್ಲಿ ಬೇರೆ ಹೇಳದಿದ್ದರೆ ಎಲ್ಲವೂ ಕ್ರ್ಯಾಂಕ್ ಡಿಗ್ರಿ.

ಇನ್‌ಲೆಟ್, ಎಕ್ಸಾಸ್ಟ್ ವಾಲ್ವ್‌ಗಳು ತೆರೆಯುವ, ಮುಚ್ಚುವ ನಾಲ್ಕು ಘಟನೆಗಳಲ್ಲಿ ಹೆಚ್ಚು ತೂಕದ್ದು ಇನ್‌ಲೆಟ್ ವಾಲ್ವ್ ಮುಚ್ಚುವ ಗಳಿಗೆ. ಪಿಸ್ಟನ್ ಕೆಳತುದಿ ಮುಟ್ಟಿ ಮೇಲೇಳಲು ಶುರು ಮಾಡಿದ ಮೇಲೂ ಈ ವಾಲ್ವ್ ತೆರೆದೇ ಇರುತ್ತದೆ. ಆರ್‌ಪಿಎಂ ಹೆಚ್ಚಿದ್ದಾಗ ಒಳನುಗ್ಗುವ ಗಾಳಿಗೆ ವೇಗವಿರುವುದರಿಂದ ಪಿಸ್ಟನ್ ಏರುತ್ತಿದ್ದರೂ ಅದು ತುಂಬುತ್ತಲೇ ಇರುತ್ತದೆ. 2000 ಆರ್‌ಪಿಎಂನಲ್ಲಿ ಆ ವೇಗವಿಲ್ಲ, ಒಳಬಂದ ಮಿಶ್ರಣವನ್ನು ಪಿಸ್ಟನ್ ಮ್ಯಾನಿಫೋಲ್ಡ್‌ಗೆ ವಾಪಸ್ ತಳ್ಳುತ್ತದೆ. ಕ್ಯಾಮ್ ಅಡ್ವಾನ್ಸ್ ಮಾಡಿದರೆ, ಅಂದರೆ ಮುಂದಕ್ಕೆ ತಂದರೆ, ವಾಲ್ವ್ ಬೇಗ ಮುಚ್ಚಿ ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಏರುತ್ತದೆ, ಮೇಲ್ತುದಿಯಲ್ಲಿ ಉಸಿರು ಕಟ್ಟುತ್ತದೆ. ರಿಟಾರ್ಡ್ ಮಾಡಿದರೆ ಇದರ ತಿರುಗುಮುರುಗು. ಚಾರ್ಮಾಡಿ ಘಾಟಿ ಹತ್ತುವ, ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಎರಡು ಮೂರನೇ ಗೇರಿನಲ್ಲೇ ಒದ್ದಾಡುವ ರ‍್ಯಾಲಿ ಗಾಡಿಗೆ ಅಡ್ವಾನ್ಸ್ ಒಗ್ಗುತ್ತದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕ್‌ನಲ್ಲಿ ಆರ್‌ಪಿಎಂ ಇಳಿಸದೆ ಓಡಿಸುವ ಗಾಡಿಗೆ ಸ್ವಲ್ಪ ರಿಟಾರ್ಡ್ ಒಗ್ಗಬಹುದು. ಒಟ್ಟಿನಲ್ಲಿ ಟೈಮಿಂಗ್ ಬಲವನ್ನು ಹುಟ್ಟಿಸುವುದಿಲ್ಲ, ಅದನ್ನು ಒಂದು ಆರ್‌ಪಿಎಂನಿಂದ ಇನ್ನೊಂದಕ್ಕೆ ಸಾಗಿಸುತ್ತದೆ.

ಒಂದೇ ಕ್ಯಾಮ್ ಇರುವ ಎಂಜಿನ್‌ನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಒಟ್ಟಿಗೇ ಸರಿಯುತ್ತವೆ, ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಅವಧಿ) ಅಷ್ಟೇ ಉಳಿಯುತ್ತದೆ. ಎರಡು ಕ್ಯಾಮ್ ಇದ್ದಲ್ಲಿ ಬೇರೆ ಬೇರೆ ಸರಿಸಬಹುದು. ಇನ್‌ಲೆಟ್ ಮುಂದೆ, ಎಕ್ಸಾಸ್ಟ್ ಹಿಂದೆ ತಂದರೆ ಓವರ್‌ಲ್ಯಾಪ್ ಬೆಳೆದು ಐಡಲ್ ಕುಂಟುತ್ತದೆ, ಹೊಗೆ ತಪಾಸಣೆಯಲ್ಲಿ ಹೈಡ್ರೋಕಾರ್ಬನ್ ಏರುತ್ತದೆ. ಟರ್ಬೊ ಇದ್ದರೆ ಅದರ ಗೋಜಿಗೇ ಹೋಗದಿರುವುದು ಲೇಸು.

ಕಾರ್ಡ್ ಓದುವ ಲೆಕ್ಕ

ಇನ್‌ಲೆಟ್ ಟಿಡಿಸಿಗೆ (ಪಿಸ್ಟನ್‌ನ ಮೇಲ್ತುದಿ) 16 ಡಿಗ್ರಿ ಮೊದಲು ತೆರೆದು ಬಿಡಿಸಿಯ (ಕೆಳತುದಿ) ನಂತರ 52ರಲ್ಲಿ ಮುಚ್ಚುವ ಕ್ಯಾಮ್ ಇದೆ ಎನ್ನಿ. ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ) 16 + 180 + 52 = 248. ಅದರ ಅರ್ಧ 124ರಿಂದ 16 ಕಳೆದರೆ 108. ಅಂದರೆ ವಾಲ್ವ್ ಪೂರ್ತಿ ತೆರೆದಿರುವುದು ಟಿಡಿಸಿ ದಾಟಿ 108 ಡಿಗ್ರಿಯಲ್ಲಿ. ಇದೇ ಇನ್‌ಲೆಟ್ ಸೆಂಟರ್‌ಲೈನ್, ನಾವು ಅಳೆಯಬೇಕಾದ ಸಂಖ್ಯೆ. ಅಳತೆಯಲ್ಲಿ 108ಕ್ಕಿಂತ ಹೆಚ್ಚು ಬಂದರೆ ಕ್ಯಾಮ್ ರಿಟಾರ್ಡ್, ಕಡಿಮೆ ಬಂದರೆ ಅಡ್ವಾನ್ಸ್. ನಿಮ್ಮ ಕ್ಯಾಮ್‌ನ ಅಂಕಿಗಳನ್ನು ಅದರ ಕಾರ್ಡ್‌ನಿಂದ ಅಥವಾ ಸರ್ವಿಸ್ ಮ್ಯಾನ್ಯುವಲ್‌ನಿಂದ ತೆಗೆದುಕೊಳ್ಳಿ. ಮೇಲಿನವು ಲೆಕ್ಕ ತೋರಿಸಲು ಮಾತ್ರ.

ಬೇಕಾದ ಸಾಮಾನು

ಡಿಗ್ರಿ ವೀಲ್ (ಕ್ರ್ಯಾಂಕ್‌ಗೆ ಹಾಕುವ, 360 ಡಿಗ್ರಿ ಗುರುತಿನ ತಟ್ಟೆ) ದೊಡ್ಡದಿದ್ದಷ್ಟೂ ಒಳ್ಳೆಯದು. 250 ಮಿ.ಮೀ. ವ್ಯಾಸದ ವೀಲ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 2.2 ಮಿ.ಮೀ. ಜಾಗ ಸಿಗುವುದರಿಂದ ಅರ್ಧ ಡಿಗ್ರಿ ಕಣ್ಣಿಗೆ ಸಿಗುತ್ತದೆ. 10 ಮಿ.ಮೀ. ಓಟದ, 0.01 ಮಿ.ಮೀ. ಗೆರೆಯ ಡಯಲ್ ಗೇಜ್ ಬೇಕು. ಅದರ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಅಲ್ಯೂಮಿನಿಯಂ ಹೆಡ್‌ಗೆ ಅಂಟುವುದಿಲ್ಲ. ಐದು ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯೊಂದನ್ನು ಹೆಡ್‌ನ ಯಾವುದಾದರೂ ಖಾಲಿ ಬೋಲ್ಟ್ ತೂತಿಗೆ ಬಿಗಿದು, ಅದರ ಮೇಲೆ ಸ್ಟ್ಯಾಂಡ್ ಕೂರಿಸಿ. ವೀಲ್‌ನ ಅಂಕಿ ತೋರಿಸುವ ಮುಳ್ಳಿಗೆ ಗ್ಯಾಸ್ ವೆಲ್ಡಿಂಗ್ ತಂತಿ ಸಾಕು, ತುದಿಯನ್ನು ಅರದಿಂದ ಚೂಪು ಮಾಡಿ, ಬ್ಲಾಕ್‌ನ ಬೋಲ್ಟೊಂದಕ್ಕೆ ಗಟ್ಟಿಯಾಗಿ ಕಟ್ಟಿ.

ಪ್ಲಗ್ ತೂತಿನಿಂದ ಇಳಿಸಿ ಪಿಸ್ಟನ್ ತಡೆಯುವ ಪಿಸ್ಟನ್ ಸ್ಟಾಪ್ ಅನ್ನು ಹಳೆಯ ಸ್ಪಾರ್ಕ್ ಪ್ಲಗ್‌ನಿಂದಲೇ ಮಾಡಿಕೊಳ್ಳಬಹುದು. ಒಳಗಿನ ಪಿಂಗಾಣಿ ಒಡೆದು ತೆಗೆದು, ಎಲೆಕ್ಟ್ರೋಡ್ ಕತ್ತರಿಸಿ, ಒಳಗೆ ಒಂದು ಬೋಲ್ಟ್ ಹಾಯಿಸಿ ವೆಲ್ಡ್ ಮಾಡಿಸಿ. ತುದಿ ಗುಂಡಗಿರಲಿ, ಇಲ್ಲದಿದ್ದರೆ ಪಿಸ್ಟನ್ ತಲೆಯಲ್ಲಿ ಗುಳಿ ಬೀಳುತ್ತದೆ. ಬೋಲ್ಟ್ ನಡುವೆ ಸಣ್ಣ ತೂತಿದ್ದರೆ ಸಿಲಿಂಡರ್‌ನ ಗಾಳಿ ಹೊರಹೋಗುತ್ತದೆ, ಕೈಗೆ ಒತ್ತಡ ತಟ್ಟುವುದಿಲ್ಲ.

ಇದಲ್ಲದೆ ಟಾರ್ಕ್ ರೆಂಚ್, ಫೀಲರ್ ಗೇಜ್, ಟೈಮಿಂಗ್ ಲೈಟ್, ಬಿಳಿ ಪೇಂಟ್ ಪೆನ್. ಬೆಲ್ಟ್ ಹಳೆಯದಾಗಿದ್ದರೆ ಹೊಸ ಬೆಲ್ಟ್ ಮತ್ತು ಟೆನ್ಷನರ್ ಹಾಕಿದ ಮೇಲೆಯೇ ಅಳತೆಗೆ ಕೂತುಕೊಳ್ಳಿ. ಟ್ಯಾಪೆಟ್ ಕೂಡ ಹಾಗೆಯೇ: ವಾಲ್ವ್ ಬಳಿ ಬಿಡುವ ಸಂದು, ಅಂದರೆ ಕ್ಲಿಯರೆನ್ಸ್, ಹೆಚ್ಚಿದ್ದರೆ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಓದುವ ಅಂಕಿಯೇ ಸುಳ್ಳಾಗುತ್ತದೆ. ಎಂಜಿನ್ ತಣ್ಣಗಿರುವಾಗ ಮ್ಯಾನ್ಯುವಲ್‌ನ ಅಳತೆಗೆ ಟ್ಯಾಪೆಟ್ ಹೊಂದಿಸಿ.

ಹಂತ 1: ನಿಜವಾದ ಟಿಡಿಸಿ

ಕ್ರ್ಯಾಂಕ್ ಪುಲ್ಲಿಯ ಮೇಲಿನ ಗುರುತನ್ನು ನಂಬಬೇಡಿ. ರಬ್ಬರ್ ಡ್ಯಾಂಪರ್ ಇರುವ ಪುಲ್ಲಿಯಲ್ಲಿ ಹೊರಬಳೆ ಜಾರಿರಬಹುದು. ಸ್ಕ್ರೂಡ್ರೈವರ್ ಇಳಿಬಿಟ್ಟು ಪಿಸ್ಟನ್ ಮೇಲೆ ಬಂತು ಎನ್ನುವುದೂ ಆಗದ ಮಾತು, ಟಿಡಿಸಿಯ ಆಚೀಚೆ ಹಲವು ಡಿಗ್ರಿಗಳ ತನಕ ಪಿಸ್ಟನ್ ಅಲುಗಿದ್ದು ಕೈಗೆ ತಿಳಿಯುವುದೇ ಇಲ್ಲ.

ಬ್ಯಾಟರಿ ನೆಗೆಟಿವ್ ತೆಗೆಯಿರಿ, ನಾಲ್ಕೂ ಪ್ಲಗ್ ಬಿಚ್ಚಿ. ಡಿಗ್ರಿ ವೀಲ್ ಅನ್ನು ಕ್ರ್ಯಾಂಕ್ ಮೂಗಿಗೆ ಬಿಗಿದು, ಅಂದಾಜಿನಲ್ಲಿ ಒಂದನೇ ಸಿಲಿಂಡರ್ ಮೇಲಿರುವಾಗ ಮುಳ್ಳು ಸೊನ್ನೆಗೆ ಬರುವಂತೆ ಬಾಗಿಸಿ. ಪಿಸ್ಟನ್ ಸ್ವಲ್ಪ ಕೆಳಗಿಳಿಸಿ, ಸ್ಟಾಪ್ ತಿರುಗಿಸಿ ಕೂರಿಸಿ. ಈಗ ಕೈಯಿಂದಲೇ ಮೆಲ್ಲಗೆ ಬಲಕ್ಕೆ, ತಡೆಯುವ ತನಕ ತಿರುಗಿಸಿ ಓದಿ. ಆಮೇಲೆ ಎಡಕ್ಕೆ ಪೂರ್ತಿ ಸುತ್ತಿ ಇನ್ನೊಂದು ಬದಿಯಲ್ಲಿ ತಡೆದಲ್ಲಿ ಓದಿ. ಒಂದು ಕಡೆ ಟಿಡಿಸಿಗೆ ಮೊದಲು 34, ಇನ್ನೊಂದು ಕಡೆ ನಂತರ 40 ಬಂತೆನ್ನಿ. ಎರಡೂ 37 ಆಗಬೇಕು. ವೀಲ್ ಸಡಿಲಿಸದೆ ಮುಳ್ಳನ್ನು ಮೂರು ಡಿಗ್ರಿ ಬಾಗಿಸಿ, ಮತ್ತೆ ಎರಡೂ ಕಡೆ ಮುಟ್ಟಿಸಿ ನೋಡಿ. ಸಮ ಬರುವ ತನಕ ಬಿಡಬೇಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಸ್ಟಾಪ್ ಒಳಗಿರುವಾಗ ಸ್ಟಾರ್ಟರ್ ಮುಟ್ಟಲೇಬಾರದು. ಕೆಲಸ ಮುಗಿದೊಡನೆ ಸ್ಟಾಪ್ ತೆಗೆದು ಟ್ರೇಯಲ್ಲಿ ಇಟ್ಟದ್ದನ್ನು ಕಣ್ಣಾರೆ ನೋಡಿ.

ಹಂತ 2: ಕ್ಯಾಮ್ ಈಗ ಎಲ್ಲಿದೆ

ಒಂದನೇ ಸಿಲಿಂಡರ್‌ನ ಇನ್‌ಲೆಟ್ ವಾಲ್ವ್‌ನ ಸ್ಪ್ರಿಂಗ್ ರಿಟೇನರ್ ಮೇಲೆ ಡಯಲ್ ಗೇಜಿನ ಕಡ್ಡಿ ಇಡಿ, ರಾಕರ್ ಮೇಲಲ್ಲ. ಕಡ್ಡಿ ವಾಲ್ವ್ ಕಾಂಡಕ್ಕೆ ಸಮಾಂತರವಾಗಿರಬೇಕು, ವಾರೆಯಾದರೆ ಲಿಫ್ಟ್ (ವಾಲ್ವ್ ಎಷ್ಟು ತೆರೆದಿದೆ ಎಂಬ ಅಳತೆ) ತಪ್ಪು ತೋರಿಸುತ್ತದೆ. ವಾಲ್ವ್ ಕೆಳಗಿಳಿದಾಗಲೂ ಕಡ್ಡಿ ಬಿಟ್ಟುಹೋಗದಷ್ಟು ಮುಂಚೆಯೇ ಒತ್ತಿರಲಿ.

ಕ್ರ್ಯಾಂಕ್ ಅನ್ನು ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಈ ಎಂಜಿನ್‌ನಲ್ಲಿ ಬೆಲ್ಟ್ ಕಡೆಯಿಂದ ನೋಡಿದರೆ ಅದು ಗಡಿಯಾರದ ದಿಕ್ಕು. ಬೇಕಾದ ಅಂಕಿ ದಾಟಿ ಹೋದರೆ ಅಷ್ಟೇ ಹಿಂದೆ ಬರಬೇಡಿ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ. ಹಿಂದಕ್ಕೆ ತಿರುಗಿಸಿದಾಗ ಬೆಲ್ಟ್‌ನ ಸಡಿಲ ಬದಿ ಬಿಗಿಯಾಗಿ ಒಂದೆರಡು ಡಿಗ್ರಿ ಸುಳ್ಳು ಹೇಳುತ್ತದೆ.

ವಾಲ್ವ್ ಪೂರ್ತಿ ತೆರೆದ ಜಾಗದಲ್ಲಿ ಡಯಲ್ ಸೊನ್ನೆ ಮಾಡಿ. ಆ ತುದಿಯಲ್ಲಿ ಗೇಜಿನ ಮುಳ್ಳು ಕೆಲವು ಡಿಗ್ರಿ ನಿಂತೇ ಇರುವುದರಿಂದ ಅಲ್ಲೇ ಓದಿದರೆ ನಿಖರ ಬರುವುದಿಲ್ಲ. ಕಾಲು ಸುತ್ತಿಗೂ ಹೆಚ್ಚು ಹಿಂದೆ ಹೋಗಿ, ಮುಂದಕ್ಕೆ ಬರುತ್ತಾ ತುದಿಗೆ 1.00 ಮಿ.ಮೀ. ಬಾಕಿ ಇರುವಾಗ ವೀಲ್ ಓದಿ. ತುದಿ ದಾಟಿ 1.00 ಮಿ.ಮೀ. ಇಳಿದಾಗ ಮತ್ತೆ ಓದಿ. ಮೊದಲನೆಯದು 66, ಎರಡನೆಯದು 156 ಬಂದರೆ ನಡುವಿನ ಬಿಂದು 111. ಕಾರ್ಡ್ ಹೇಳುವುದು 108. ಕ್ಯಾಮ್ ಮೂರು ಡಿಗ್ರಿ ರಿಟಾರ್ಡ್ ಆಗಿದೆ. ಮೂರು ಸಲ ಅಳೆಯಿರಿ, ಓದಿದ್ದು ಒಂದು ಡಿಗ್ರಿಗಿಂತ ಹೆಚ್ಚು ಆಚೀಚೆಯಾದರೆ ಗೇಜಿನ ಸ್ಟ್ಯಾಂಡ್ ಅಲುಗುತ್ತಿದೆ ಎಂದೇ ಅರ್ಥ.

ಏರುವ ಬದಿ, ಇಳಿಯುವ ಬದಿ ಒಂದೇ ಆಕಾರದಲ್ಲಿಲ್ಲದ ಲೋಬ್‌ಗಳಿಗೆ (ವಾಲ್ವ್ ಒತ್ತುವ ಕ್ಯಾಮ್‌ನ ಉಬ್ಬುಗಳು) ಈ ನಡುಬಿಂದು ಲೆಕ್ಕ ನಿಖರವಲ್ಲ. ಅಂಥ ಕ್ಯಾಮ್ ಮಾರುವವರು ಟಿಡಿಸಿಯಲ್ಲಿ ವಾಲ್ವ್ ಎಷ್ಟು ತೆರೆದಿರಬೇಕೆಂದು ಮಿಲಿಮೀಟರ್‌ನಲ್ಲಿ ಕೊಟ್ಟಿರುತ್ತಾರೆ. ವೀಲ್ ಅನ್ನು ಓವರ್‌ಲ್ಯಾಪ್ ಟಿಡಿಸಿಗೆ (ಎಕ್ಸಾಸ್ಟ್ ಮುಗಿದು ಇನ್‌ಲೆಟ್ ಶುರುವಾಗುವ ಟಿಡಿಸಿ) ತಂದು ಲಿಫ್ಟ್ ಆ ಅಂಕಿಗೆ ಬರುವ ತನಕ ಪುಲ್ಲಿ ಸರಿಸಿದರೆ ಮುಗಿಯಿತು. ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಅದು ಎಣ್ಣೆ ಬಿಟ್ಟು ಕುಸಿಯುವುದರಿಂದ ಅಳತೆಯ ಹೊತ್ತಿಗೆ ಗಟ್ಟಿ ಡಮ್ಮಿ ಹಾಕಬೇಕು.

ಹಂತ 3: ಪಿಸ್ಟನ್‌ಗೂ ವಾಲ್ವ್‌ಗೂ ಎಷ್ಟು ಜಾಗ

ಮೂಲ ಕ್ಯಾಮ್ ಅನ್ನು ಮೂಲ ಟೈಮಿಂಗ್‌ಗೆ ತರುವುದಾದರೆ, ಹೆಡ್ ಹೆಚ್ಚು ಉಜ್ಜಿಲ್ಲದಿದ್ದರೆ ಈ ಹಂತವನ್ನು ದಾಟಬಹುದು. ಕ್ಯಾಮ್ ಬದಲಾಗಿದ್ದರೆ, ಫೇಸಿಂಗ್ ಜಾಸ್ತಿಯಾಗಿದ್ದರೆ, ನಾಲ್ಕು ಡಿಗ್ರಿಗಿಂತ ಹೆಚ್ಚು ಸರಿಸುವ ಯೋಚನೆ ಇದ್ದರೆ ಬಿಡುವಂತಿಲ್ಲ.

ಎಕ್ಸಾಸ್ಟ್ ವಾಲ್ವ್ ಪಿಸ್ಟನ್‌ಗೆ ಅತಿ ಹತ್ತಿರ ಬರುವುದು ಓವರ್‌ಲ್ಯಾಪ್ ಟಿಡಿಸಿಗೆ ಸುಮಾರು 10 ಡಿಗ್ರಿ ಮೊದಲು, ಇನ್‌ಲೆಟ್ ಸುಮಾರು 10 ಡಿಗ್ರಿ ನಂತರ. ಅಡ್ವಾನ್ಸ್ ಮಾಡಿದಷ್ಟೂ ಇನ್‌ಲೆಟ್ ಹತ್ತಿರವಾಗುತ್ತದೆ, ರಿಟಾರ್ಡ್ ಮಾಡಿದಷ್ಟೂ ಎಕ್ಸಾಸ್ಟ್. ಹೆಡ್ ಬಿಚ್ಚಿ ಕೆಳಗಿಟ್ಟಿರುವಾಗ ಅಳೆಯಲು ಸುಲಭ ದಾರಿ ಮಕ್ಕಳ ಬಣ್ಣದ ಕ್ಲೇ. ಪಿಸ್ಟನ್ ತಲೆಯ ಮೇಲೆ, ವಾಲ್ವ್ ಬಂದು ಕೂರುವ ಜಾಗದಲ್ಲಿ ಆರೇಳು ಮಿ.ಮೀ. ದಪ್ಪ ಹಚ್ಚಿ. ವಾಲ್ವ್‌ಗೆ ಅಂಟದಿರಲು ಮೇಲೆ ಒಂದು ತೊಟ್ಟು ಎಣ್ಣೆ ಸವರಿ. ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಬೆಲ್ಟ್ ಹಾಕಿ, ಕೈಯಿಂದ ಎರಡು ಸುತ್ತು ತಿರುಗಿಸಿ ಬಿಚ್ಚಿ. ಕ್ಲೇಯನ್ನು ಬ್ಲೇಡಿನಿಂದ ಸೀಳಿ ಅತಿ ತೆಳುವಾದ ಜಾಗ ಅಳೆಯಿರಿ. ಇನ್‌ಲೆಟ್‌ಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಬೇಕು. ಎಕ್ಸಾಸ್ಟ್‌ಗೆ ಹೆಚ್ಚು ಏಕೆಂದರೆ ಅದು ಕಾದು ಉದ್ದವಾಗುತ್ತದೆ, ಅಲ್ಲದೆ ಹೆಚ್ಚಿನ ಆರ್‌ಪಿಎಂನಲ್ಲಿ ಸ್ಪ್ರಿಂಗ್ ಸೋತರೆ ಏರಿ ಬರುವ ಪಿಸ್ಟನ್ ಅದನ್ನು ಹಿಂದಿನಿಂದ ಅಟ್ಟಿ ಹಿಡಿಯುತ್ತದೆ. ನೀವು ಹೋಗಲಿರುವ ಅತಿ ದೂರದ ಅಡ್ವಾನ್ಸ್ ಮತ್ತು ರಿಟಾರ್ಡ್ ಎರಡರಲ್ಲೂ ಈ ಅಳತೆ ತೆಗೆಯಿರಿ, ಸೊನ್ನೆಯಲ್ಲಿ ಮಾತ್ರ ತೆಗೆದು ಸುಮ್ಮನಾಗಬೇಡಿ.

ಕೈಯಲ್ಲಿ ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಸ್ಪ್ಯಾನರ್‌ಗೆ ಜೋರು ಹಾಕಬೇಡಿ. ವಾಲ್ವ್ ಬಾಗುವುದು ರಸ್ತೆಯಲ್ಲಷ್ಟೇ ಅಲ್ಲ, ಗ್ಯಾರೇಜಿನಲ್ಲೂ.

ಹಂತ 4: ಸರಿಸುವುದು

ಬೆಲ್ಟ್ ಒಂದು ಹಲ್ಲು ದಾಟಿಸಿ ಪಿಕ್‌ಅಪ್ ತರಿಸುತ್ತೇವೆ ಎನ್ನುವ ಮೇಸ್ತ್ರಿಗಳು ಇನ್ನೂ ಇದ್ದಾರೆ. 40 ಹಲ್ಲಿನ ಪುಲ್ಲಿಯಲ್ಲಿ ಒಂದು ಹಲ್ಲು ಎಂದರೆ ಕ್ಯಾಮ್‌ನಲ್ಲಿ 9 ಡಿಗ್ರಿ, ಕ್ರ್ಯಾಂಕ್‌ನಲ್ಲಿ 18. ಕೆಲಸಕ್ಕೆ ಬರುವ ವ್ಯಾಪ್ತಿಯೇ ಹೆಚ್ಚೆಂದರೆ ಆಚೀಚೆ ಆರು ಡಿಗ್ರಿ. ಅದಕ್ಕಾಗಿಯೇ ನಡುಭಾಗ ಮತ್ತು ಹಲ್ಲಿನ ಬಳೆ ಬೇರೆ ಬೇರೆಯಾಗಿ ಬೋಲ್ಟ್‌ನಿಂದ ಸೇರುವ ವರ್ನಿಯರ್ ಪುಲ್ಲಿ.

ಪುಲ್ಲಿಯನ್ನು ಸೊನ್ನೆಯಲ್ಲಿಟ್ಟು ಬೆಲ್ಟ್ ಹಾಕಿ, ಟೆನ್ಷನ್ ಕೊಟ್ಟು, ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಟೆನ್ಷನ್ ನೋಡಿ. ಬಳೆಯ ಬೋಲ್ಟ್‌ಗಳನ್ನು ಬಿಚ್ಚದೆ, ಕೈಗೆ ಸ್ವಲ್ಪ ಬಿಗಿ ಎನಿಸುವಷ್ಟು ಸಡಿಲಿಸಿ. ಕ್ಯಾಮ್ ಅನ್ನು ಅದರ ಚಪ್ಪಟೆ ಭಾಗಕ್ಕೆ ಅಥವಾ ನಡುವಿನ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಹಿಡಿಯಬೇಕು. ಬೆಲ್ಟ್ ಹಿಡಿದು ಎಳೆಯುವುದು ಬೇಡ. ಕ್ಯಾಮ್ ಅನ್ನು ಅದು ತಿರುಗುವ ದಿಕ್ಕಿಗೇ ಮುಂದಕ್ಕೆ ಸರಿಸಿದರೆ ಅಡ್ವಾನ್ಸ್, ವಿರುದ್ಧವಾದರೆ ರಿಟಾರ್ಡ್. ಮೇಲಿನ ಉದಾಹರಣೆಯಲ್ಲಿ ಬೇಕಾದದ್ದು ಕ್ರ್ಯಾಂಕ್‌ನ ಮೂರು ಡಿಗ್ರಿ, ಅಂದರೆ ಕ್ಯಾಮ್‌ನಲ್ಲಿ ಒಂದೂವರೆ. ಪುಲ್ಲಿಯ ಗೆರೆ ನೋಡಿ ಸರಿಸಿ, ಆದರೆ ತೀರ್ಮಾನ ಡಯಲ್ ಗೇಜ್ ನೋಡಿಯೇ. ಎರಡನೇ ಹಂತವನ್ನು ಮತ್ತೆ ಮಾಡಿ 108 ಬಂದದ್ದನ್ನು ಖಚಿತಪಡಿಸಿಕೊಳ್ಳಿ.

ಬಳೆಯ ಬೋಲ್ಟ್‌ಗಳು ಸಾಮಾನ್ಯವಾಗಿ ಎಂ6. ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಚ್ಚಿ, ಎದುರುಬದುರಿನ ಜೋಡಿಯಾಗಿ, ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಅಲ್ಯೂಮಿನಿಯಂ ತೂತಿಗೆ ಉಕ್ಕಿನ ಬೋಲ್ಟ್ ಹೋಗಿರುತ್ತದೆ, ಜೋರು ಮಾಡಿದರೆ ಥ್ರೆಡ್ ಕಿತ್ತು ಬರುತ್ತದೆ. ಕೊನೆಗೆ ಬಳೆ ಮತ್ತು ನಡುಭಾಗದ ಮೇಲೆ ಅಡ್ಡಲಾಗಿ ಪೇಂಟ್ ಪೆನ್ನಿನ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಪುಲ್ಲಿ ಜಾರಿದೆ, ಅಷ್ಟು ಸುಲಭ.

ಹಂತ 5: ಇಗ್ನಿಷನ್ ಮರೆಯಬೇಡಿ

ಎಸ್ಟೀಮ್, ಜಿಪ್ಸಿಗಳ ಕಾರ್ಬ್ಯುರೇಟರ್ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ಶಾಫ್ಟ್‌ನ ಹಿಂತುದಿಯಿಂದ. ಕ್ಯಾಮ್ ನಾಲ್ಕು ಡಿಗ್ರಿ ಮುಂದಕ್ಕೆ ತಂದರೆ ಕಿಡಿಯೂ ನಾಲ್ಕು ಡಿಗ್ರಿ ಮುಂದೆ ಹೋಗುತ್ತದೆ. ಪಿಕ್‌ಅಪ್ ಬಂತು ಎಂದು ಸಂತೋಷಪಟ್ಟದ್ದು ಕ್ಯಾಮ್‌ನಿಂದಲೋ ಕಿಡಿಯಿಂದಲೋ ಎಂದು ಗೊತ್ತಾಗುವುದೇ ಇಲ್ಲ. ಪ್ರತಿ ಸಲ ಕ್ಯಾಮ್ ಸರಿಸಿದಾಗಲೂ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್ ಅನ್ನು ಮೊದಲಿನ ಅಂಕಿಗೇ ತನ್ನಿ. ಅದರ ಮೊದಲು, ಒಂದನೇ ಹಂತದ ನಿಜವಾದ ಟಿಡಿಸಿಯನ್ನು ಕ್ರ್ಯಾಂಕ್ ಪುಲ್ಲಿಯ ಮೇಲೆ ಹೊಸದಾಗಿ ಗುರುತು ಮಾಡಿರಬೇಕು. ಅಡ್ವಾನ್ಸ್ ಮಾಡಿದ ಎಂಜಿನ್‌ನಲ್ಲಿ ಸಂಪೀಡನದ ಒತ್ತಡ ಏರಿರುವುದರಿಂದ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಟಿಣ್ ಟಿಣ್ ಎಂದು ನಾಕಿಂಗ್ ಕೇಳಿದರೆ ಕಿಡಿಯನ್ನು ಒಂದೆರಡು ಡಿಗ್ರಿ ಹಿಂದೆ ತರಬೇಕು.

ಹಂತ 6: ಡೈನೊ ಮೇಲೆ

ಡೈನೊ ಎಂದರೆ ಗಾಡಿಯ ಬಲ ಅಳೆಯುವ ಯಂತ್ರ. ಅದರ ಮೇಲೆ ಕ್ಯಾಮ್ ಅನ್ನು ಸೊನ್ನೆ (ಕಾರ್ಡ್‌ನ ಅಂಕಿ), +2, +4 (ಅಡ್ವಾನ್ಸ್), −2, −4 (ರಿಟಾರ್ಡ್) ಡಿಗ್ರಿಯಲ್ಲಿ ಓಡಿಸಿ ನೋಡಿ. ಇಷ್ಟು ಸಾಕು. ಪ್ರತಿಯೊಂದರಲ್ಲೂ ಮೂರು ಓಟ, ಎಲ್ಲವೂ ನಾಲ್ಕನೇ ಗೇರಿನಲ್ಲಿ, ಒಂದೇ ಟೈರ್ ಗಾಳಿ, ಕೂಲಂಟ್ 85ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ. ಗಾಳಿ-ಪೆಟ್ರೋಲ್ ಪ್ರಮಾಣ ಪೂರ್ತಿ ಥ್ರಾಟಲ್‌ನಲ್ಲಿ 12.5ರಿಂದ 13ರ ಆಸುಪಾಸಿನಲ್ಲಿರಲಿ. ಕ್ಯಾಮ್ ಸರಿದಾಗ ಒಳಬರುವ ಗಾಳಿಯೂ ಬದಲಾಗುವುದರಿಂದ ಇದನ್ನು ಪ್ರತಿ ಸಲ ನೋಡಬೇಕು. ಎರಡು ಓಟಗಳ ನಡುವಿನ ಶೇ. 1ರ ವ್ಯತ್ಯಾಸವನ್ನು ಲಾಭ ಎಂದು ಬರೆದುಕೊಳ್ಳಬೇಡಿ, ಅದು ಯಂತ್ರದ ಅಳತೆಯ ಸಹಜ ಏರುಪೇರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಕಚ್ಚಾ ಅಂಕಿ ಮಂಗಳೂರಿನದ್ದಕ್ಕಿಂತ ಕಡಿಮೆಯೇ ಬರುತ್ತದೆ. ಊರು ಬದಲಾದ ಎರಡು ಹಾಳೆಗಳನ್ನು ಹೋಲಿಸುವುದಾದರೆ ಎರಡರಲ್ಲೂ ಒಂದೇ ಕರೆಕ್ಷನ್ (ಗಾಳಿಯ ಒತ್ತಡ, ಉಷ್ಣತೆಗೆ ಮಾಡುವ ತಿದ್ದುಪಡಿ ಲೆಕ್ಕ) ಹಾಕಿರಬೇಕು.

ಹಾಳೆಯಲ್ಲಿ ತುದಿಯ ಅಶ್ವಶಕ್ತಿಯನ್ನಷ್ಟೇ ನೋಡುವ ಚಟ ಬಿಡಿ. ಗೇರ್ ಬದಲಿಸಿದಾಗ ಆರ್‌ಪಿಎಂ ಎಲ್ಲಿಗೆ ಬೀಳುತ್ತದೋ ಅಲ್ಲಿಂದ ರೆಡ್‌ಲೈನ್ ತನಕದ ಗೆರೆ ಯಾವುದರಲ್ಲಿ ಎತ್ತರವಿದೆಯೋ ಅದೇ ನಿಮ್ಮ ಸೆಟ್ಟಿಂಗ್. +4ರಿಂದ −4ರ ತನಕ ಗೆರೆಗಳು ಒಂದರ ಮೇಲೊಂದು ಬಿದ್ದರೆ ಅಡ್ಡಿ ಬೇರೆಡೆ ಇದೆ: ಏರ್ ಫಿಲ್ಟರ್, ಕಾರ್ಬ್ಯುರೇಟರ್ ಅಥವಾ ಎಕ್ಸಾಸ್ಟ್. ಸ್ಪರ್ಧೆಗೆ ಇಳಿಯುವವರು ತಮ್ಮ ದರ್ಜೆಯಲ್ಲಿ ಹೊಂದಿಸುವ ಪುಲ್ಲಿಗೆ ಅವಕಾಶ ಇದೆಯೇ ಎಂದು ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮ ಓದಿಯೇ ದುಡ್ಡು ಹಾಕಿ.

ಕೆಟ್ಟಾಗ ಕಾಣುವ ಲಕ್ಷಣಗಳು

ಸ್ಟಾರ್ಟ್ ಆಗುತ್ತದೆ, ಆದರೆ ಐಡಲ್ ಕುಂಟುತ್ತದೆ, ಎಳೆಯುವುದಿಲ್ಲ, ಕಂಪ್ರೆಷನ್ ಗೇಜ್ ನಾಲ್ಕೂ ಸಿಲಿಂಡರ್‌ನಲ್ಲಿ ಒಂದೇ ಸಮನೆ ಕಡಿಮೆ ತೋರಿಸುತ್ತದೆ: ಬೆಲ್ಟ್ ಒಂದು ಹಲ್ಲು ಹಿಂದೆ ಬಿದ್ದಿದೆ. ಒಂದೇ ಸಿಲಿಂಡರ್‌ನಲ್ಲಿ ಕಡಿಮೆಯಿದ್ದರೆ ಅದು ಟೈಮಿಂಗ್ ಅಲ್ಲ, ವಾಲ್ವ್ ಅಥವಾ ರಿಂಗ್. ಮೊದಲ ದಿನ ಚೆನ್ನಾಗಿದ್ದು ಆಮೇಲೆ ದಿನೇದಿನೇ ಮಂಕಾದರೆ ಪುಲ್ಲಿಯ ಬೋಲ್ಟ್ ಸಡಿಲ, ಪೇಂಟ್ ಗೆರೆ ನೋಡಿ. ಬೆಲ್ಟ್ ಕೀರಲು ದನಿ ಮಾಡಿದರೆ ಟೆನ್ಷನ್ ಜಾಸ್ತಿ, ಕವರ್‌ಗೆ ಬಡಿದ ಸದ್ದು ಬಂದರೆ ಕಡಿಮೆ. ವರ್ನಿಯರ್ ಪುಲ್ಲಿ ಮೂಲದ್ದಕ್ಕಿಂತ ದಪ್ಪವಿದ್ದರೆ ಬೋಲ್ಟ್ ತಲೆಗಳೇ ಪ್ಲಾಸ್ಟಿಕ್ ಕವರ್ ಕೊರೆಯುವುದುಂಟು. ಕವರ್ ಬಿಟ್ಟು ಓಡಿಸುವ ಬದಲು ತಾಗುವಷ್ಟು ಜಾಗ ಕತ್ತರಿಸಿ ಹಾಕಿ. ತೋಟದ ದಾರಿಯ ಒಂದು ಸಣ್ಣ ಕಲ್ಲು ಬೆಲ್ಟ್‌ನೊಳಗೆ ಹೋದರೆ ಟೈಮಿಂಗ್ ಮಾತೇ ಉಳಿಯುವುದಿಲ್ಲ.

ಹೊಸ ಬೆಲ್ಟ್ ಮೊದಲ 500 ಕಿ.ಮೀ.ಯಲ್ಲಿ ಕೂರುತ್ತದೆ. ಅಷ್ಟಾದ ಮೇಲೆ ಎಂಜಿನ್ ತಣ್ಣಗಿರುವಾಗ ಕವರ್ ತೆಗೆದು ಟೆನ್ಷನ್, ಬಳೆಯ ಬೋಲ್ಟ್, ಟ್ಯಾಪೆಟ್ ನೋಡಿ, ಇನ್‌ಲೆಟ್ ಸೆಂಟರ್‌ಲೈನ್ ಇನ್ನೊಮ್ಮೆ ಅಳೆದು ಮೊದಲಿನ ಅಂಕಿಯ ಪಕ್ಕದಲ್ಲಿ ಬರೆದಿಡಿ. ಒಂದು ಡಿಗ್ರಿಯೊಳಗಿನ ವ್ಯತ್ಯಾಸವಾದರೆ ಮುಟ್ಟಬೇಡಿ.